ಅಂತರಾ ಚುಚ್ಚುಮದ್ದು ದೊರೆಯದಿದ್ದಾಗ

ಒಂದು ಮಗುವಿಗೂ ಇನ್ನೊಂದು ಮಗುವಿಗೂ ನಡುವೆ ಅಂತರವಿರಲಿ ಎಂದು ಬಯಸುವ ತಾಯಂದಿರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದನ್ನು ಆರಿಸಿಕೊಳ್ಳುತ್ತಿದ್ದಾರೆ. 2017ರಲ್ಲಿ ಕೇಂದ್ರ ಸರ್ಕಾರವು ಇದನ್ನು ‘ಅಂತರಾ’ ಎಂಬ ಹೆಸರಿನಲ್ಲಿ ಉಚಿತವಾಗಿ ಕೊಡಲು ಆರಂಭಿಸಿತು. ದಿನವೂ ನೆನಪಿಟ್ಟು ಗುಳಿಗೆ ನುಂಗುವ ಗೋಜಿಲ್ಲ. ಮನೆಯಲ್ಲಿ ಪೊಟ್ಟಣ ಇಟ್ಟುಕೊಳ್ಳಬೇಕಾಗಿಲ್ಲ. ಹಾಲುಣಿಸುವ ತಾಯಿಗೂ ಹೆರಿಗೆಯಾದ ಆರು ವಾರಗಳ ನಂತರ ಕೊಡಬಹುದು. ಇಷ್ಟೆಲ್ಲ ಅನುಕೂಲವಿರುವ ಔಷಧಿಗೆ ಒಂದೇ ಒಂದು ತೊಡಕು: ಹೋದ ದಿನ ಅದು ಆಸ್ಪತ್ರೆಯಲ್ಲಿ ಇರಬೇಕು.

“ಸೂಜಿ ಇನ್ನೂ ಬಂದಿಲ್ಲವಂತ್ರಿ, ಮುಂದಿನ ವಾರ ಬಾ ಅಂದಾರ” ಎಂದು ಹೇಳಿಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬರುವ ಹೆಣ್ಣುಮಕ್ಕಳನ್ನು ನಾವು ಆಗಾಗ ಕಾಣುತ್ತೇವೆ. ಒಂದು ವಾರ ಹೋಗುತ್ತಾರೆ, ಎರಡನೆಯ ವಾರವೂ ಹೋಗುತ್ತಾರೆ. ಮೂರನೆಯ ವಾರ ಹೊಲದಲ್ಲಿ ಕಳೆ ತೆಗೆಯುವ ಕೆಲಸ ಬರುತ್ತದೆ, ಇಲ್ಲವೆ ಮಗುವಿಗೆ ಜ್ವರ ಬರುತ್ತದೆ. ಆಮೇಲೆ ಅವರು ಆಸ್ಪತ್ರೆಗೆ ಹೋಗುವುದು ತಾಯಿ ಕಾರ್ಡು ಮಾಡಿಸಲು. ಆದಕಾರಣ ಚುಚ್ಚುಮದ್ದು ದೊರೆಯದ ದಿನ ಏನು ಮಾಡಬೇಕೆಂಬುದನ್ನು ಮೊದಲೇ ತಿಳಿದಿರುವುದು ಅವಶ್ಯ.

ಮೊದಲು ಕಾಲದ ಲೆಕ್ಕ. ಮುಂದಿನ ಚುಚ್ಚುಮದ್ದಿನ ದಿನಾಂಕಕ್ಕೆ ಎರಡು ವಾರ ಮೊದಲೂ ಅದನ್ನು ಪಡೆಯಬಹುದು, ನಾಲ್ಕು ವಾರ ತಡವಾಗಿಯೂ ಪಡೆಯಬಹುದು. ಈ ನಾಲ್ಕು ವಾರಗಳೊಳಗೆ ರಕ್ಷಣೆ ಮುಂದುವರಿದಿರುತ್ತದೆ, ಬೇರೆ ಉಪಾಯ ಬೇಡ. ದಾಸ್ತಾನು ಮುಗಿಯುತ್ತ ಬಂದಿದೆಯೆಂದು ಆಶಾ ಕಾರ್ಯಕರ್ತೆ ಹೇಳಿದರೆ ದಿನಾಂಕ ಬರಲೆಂದು ಕಾಯದೆ ಎರಡು ವಾರ ಮುಂಚೆಯೇ ಹೋಗುವುದು ಜಾಣತನ. ದಿನಾಂಕ ಮೀರಿದ ಮರುದಿನವೇ ಗಾಬರಿಯಾಗುವುದು ಬೇಡ. ಆದರೆ ಆ ನಾಲ್ಕು ವಾರಗಳು ಬದಲಿಯನ್ನು ಗೊತ್ತುಮಾಡಿಕೊಳ್ಳಲು ಸಿಕ್ಕ ಅವಧಿಯೇ ಹೊರತು ಸುಮ್ಮನೆ ಕುಳಿತುಕೊಳ್ಳಲು ಸಿಕ್ಕ ರಜೆಯಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಮಂದಿಯನ್ನು ಮೋಸಗೊಳಿಸುತ್ತದೆ. ಈ ಚುಚ್ಚುಮದ್ದು ಪಡೆಯುವವರಲ್ಲಿ ಕಾಲಕ್ರಮೇಣ ಮುಟ್ಟು ನಿಲ್ಲುವುದು ಸಾಮಾನ್ಯ. ‘ಮುಟ್ಟೇ ಆಗುತ್ತಿಲ್ಲ, ಇನ್ನು ಗರ್ಭ ಹೇಗೆ ನಿಂತೀತು’ ಎಂಬುದು ಅವರ ತರ್ಕ. ಮುಟ್ಟು ಕಾಣಿಸಿಕೊಳ್ಳುವ ಮೊದಲೇ ಅಂಡ ಬಿಡುಗಡೆಯಾಗುತ್ತದೆ. ಆದ್ದರಿಂದ ಮುಟ್ಟು ಮರಳುವ ಮುಂಚೆಯೇ ಗರ್ಭ ನಿಲ್ಲಬಹುದು. ಅಂತರಾ ಬಿಟ್ಟವರಿಗೆ ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳಲ್ಲಿ ಸಾಮಾನ್ಯವಾಗಿ ಗರ್ಭಧಾರಣೆಯ ಶಕ್ತಿ ಮರಳುತ್ತದೆ ಎನ್ನುವುದು ನಿಜ. ಆದರೆ ಅದು ಸರಾಸರಿಯ ಮಾತು. ಸರಾಸರಿಯನ್ನು ನಂಬಿ ಸಂಸಾರ ಮಾಡಲಾಗದು.

ಬದಲಿ ಹುಡುಕುವಾಗ ಮೊದಲು ಅದೇ ಔಷಧಿ ಬೇರೆಡೆ ದೊರೆಯುವುದೋ ಎಂದು ನೋಡಬೇಕು. ‘ಅಂತರಾ’ ಎಂಬುದು ಸರ್ಕಾರಿ ಯೋಜನೆಯ ಹೆಸರು. ಒಳಗಿರುವ ಔಷಧಿ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅಸಿಟೇಟ್, 150 ಮಿಲಿಗ್ರಾಂ, ಸ್ನಾಯುವಿಗೆ ಕೊಡುವಂಥದು. ಅದೇ ಔಷಧಿ ಪಟ್ಟಣದ ಔಷಧಿ ಅಂಗಡಿಗಳಲ್ಲಿ ಬೇರೆ ಹೆಸರಿನಲ್ಲಿ ವೈದ್ಯರ ಚೀಟಿಯ ಮೇಲೆ ದೊರೆಯಬಹುದು. ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ತಾಲ್ಲೂಕು ಆಸ್ಪತ್ರೆಯಲ್ಲಿಯೋ ಉಳಿದಿರಬಹುದು; ಕಾರ್ಡು ತೋರಿಸಿ ಕೇಳಲು ಸಂಕೋಚವೇಕೆ? ಕೆಲವು ಆಯ್ದ ಜಿಲ್ಲೆಗಳಲ್ಲಿ ಚರ್ಮದ ಕೆಳಗೆ ಕೊಡುವ 104 ಮಿಲಿಗ್ರಾಮಿನ ಹೊಸ ಬಗೆಯೂ ಬಂದಿದೆ. ಅದರ ಅವಧಿಯೂ ಮೂರು ತಿಂಗಳೇ. ಒಂದರ ಬದಲು ಇನ್ನೊಂದನ್ನು ಪಡೆಯಬಹುದು. ಎಚ್ಚರಿಕೆ ಬೇಕಾದದ್ದು ಎರಡು ಕಡೆ. ಎರಡು ತಿಂಗಳಿಗೊಮ್ಮೆ ಕೊಡುವ ಬೇರೊಂದು ಚುಚ್ಚುಮದ್ದು ಉಂಟು, ಅದರ ಹೆಸರು ನಾರೆಥಿಸ್ಟೆರಾನ್ ಎನಾಂಥೇಟ್. ಅದನ್ನು ಪಡೆದು ಮೂರು ತಿಂಗಳ ಲೆಕ್ಕ ಹಾಕಿದರೆ ಕೆಟ್ಟಿತು. ಇನ್ನು, ಮುಟ್ಟು ಬರಿಸಲೆಂದು ಕೊಡುವ 10 ಮಿಲಿಗ್ರಾಮಿನ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಗುಳಿಗೆಯ ಹೆಸರೂ ಇದೇ ಆಗಿರುವುದರಿಂದ ಅಂಗಡಿಯಲ್ಲಿ ಗೊಂದಲವಾಗುವುದುಂಟು. ಆ ಗುಳಿಗೆ ಗರ್ಭನಿರೋಧಕವಲ್ಲ.

ಎಲ್ಲಿಯೂ ದೊರೆಯದಿದ್ದರೆ ಆಶಾ ಕಾರ್ಯಕರ್ತೆಯ ಚೀಲದಲ್ಲಿಯೇ ಇರುವ ‘ಛಾಯಾ’ ಗುಳಿಗೆಯನ್ನು ನಾವು ಮೊದಲು ನೆನೆಯುತ್ತೇವೆ. ಇದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ, 1991ರಿಂದ ‘ಸಹೇಲಿ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವ ನಮ್ಮ ದೇಶದ್ದೇ ಔಷಧಿ. ಖಚಿತವಾಗಿ ಹೇಳುವುದಾದರೆ ಇದು ಹಾರ್ಮೋನು ಅಲ್ಲ. ಹಾರ್ಮೋನು ಹೋಗಿ ಕೂರುವ ಜಾಗದಲ್ಲಿ ತಾನು ಕುಳಿತು ಗರ್ಭಕೋಶದಲ್ಲಿ ಗರ್ಭ ನೆಲೆಗೊಳ್ಳದಂತೆ ಮಾಡುವ ದ್ರವ್ಯ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಗುಳಿಗೆ, ಅನಂತರ ವಾರಕ್ಕೆ ಒಂದೇ. ಸೋಮವಾರ ಆರಂಭಿಸಿದರೆ ಸೋಮವಾರ ಮತ್ತು ಗುರುವಾರ, ಮೂರು ತಿಂಗಳು ತುಂಬಿದ ಮೇಲೆ ಪ್ರತಿ ಸೋಮವಾರ ಮಾತ್ರ. ಸೋಮವಾರವನ್ನು ಮರೆಯದ ನಮ್ಮ ತಾಯಂದಿರಿಗೆ ಇದು ಕಷ್ಟವಾಗಲಾರದು. ಹಾಲುಣಿಸುವವರೂ ತೆಗೆದುಕೊಳ್ಳಬಹುದು. ಮುಟ್ಟು ಕೆಲವೊಮ್ಮೆ ಹಿಂದೆ ಬೀಳುತ್ತದೆ; ತುಂಬ ತಡವಾದರೆ ಗರ್ಭಪರೀಕ್ಷೆ ಮಾಡಿಸಿಕೊಂಡುಬಿಡಬೇಕು. ಒಂದು ಗುಳಿಗೆ ಮರೆತು ಏಳು ದಿನ ಆಗಿರದಿದ್ದರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ಪತಿಯು ನಿರೋಧ್ ಬಳಸಬೇಕು. ಏಳು ದಿನ ಮೀರಿದರೆ ಮತ್ತೆ ಮೊದಲಿನಿಂದ, ವಾರಕ್ಕೆ ಎರಡರಂತೆ. ಅಂತರಾದಿಂದ ಛಾಯಾಗೆ ಬರುವವರು ಮೊದಲ ತಿಂಗಳು ನಿರೋಧ್ ಜೊತೆಗಿಟ್ಟುಕೊಳ್ಳುವುದು ಕ್ಷೇಮವೆಂಬುದು ನಮ್ಮ ಅಭಿಪ್ರಾಯ. ಅಂಡಾಶಯದಲ್ಲಿ ನೀರುಗುಳ್ಳೆಗಳಿರುವವರು, ಈಚೆಗೆ ಕಾಮಾಲೆಯಾದವರು, ಕ್ಷಯ ಅಥವಾ ಮೂತ್ರಪಿಂಡದ ದೀರ್ಘ ಕಾಯಿಲೆಯವರು ಇದನ್ನು ತೆಗೆದುಕೊಳ್ಳಬಾರದು.

ಛಾಯಾ ಎಲ್ಲರಿಗೂ ಒಪ್ಪದು, ಮತ್ತು ಅದಕ್ಕೆ ದೇಹಪ್ರಕೃತಿ ಮಾತ್ರ ಕಾರಣವಲ್ಲ. ಚುಚ್ಚುಮದ್ದನ್ನು ಆರಿಸಿಕೊಂಡ ಕೆಲವರು, ಮನೆಯಲ್ಲಿ ಹೇಳಿಕೊಳ್ಳಲಾಗದ ಕಾರಣಕ್ಕೇ ಅದನ್ನು ಆರಿಸಿಕೊಂಡಿರುತ್ತಾರೆ. ಅಂಥವರ ಕೈಗೆ ಗುಳಿಗೆಯ ಪೊಟ್ಟಣ ಕೊಟ್ಟು ಕಳಿಸಿದರೆ ಅದು ಬಾವಿಗೆ ಬೀಳುತ್ತದೆ, ಇಲ್ಲವೆ ಜಗಳಕ್ಕೆ ಕಾರಣವಾಗುತ್ತದೆ. ಈ ಮಾತನ್ನು ಓದುವ ಅತ್ತೆಯಂದಿರೂ ಗಂಡಂದಿರೂ ಸ್ವಲ್ಪ ಯೋಚಿಸಲಿ. ವರ್ಷ ತುಂಬದ ಕೂಸನ್ನು ಕಂಕುಳಲ್ಲಿಟ್ಟುಕೊಂಡ ಸೊಸೆ ಮತ್ತೆ ಬಸುರಿಯಾದರೆ ರಕ್ತಹೀನತೆ ಯಾರಿಗೆ, ಎದೆಹಾಲು ಕಡಿಮೆಯಾಗುವುದು ಯಾವ ಮಗುವಿಗೆ?

ಅಂಥ ತಾಯಂದಿರಿಗೆ ಕಣ್ಣಿಗೆ ಬೀಳದ ಉಪಾಯಗಳು ಮೂರು ಇವೆ. ತೋಳಿನ ಒಳಭಾಗದಲ್ಲಿ ಚರ್ಮದ ಕೆಳಗೆ ಇರಿಸುವ ಬೆಂಕಿಕಡ್ಡಿಯಷ್ಟು ಗಾತ್ರದ ಕಡ್ಡಿಯೊಂದುಂಟು. ಅದರಲ್ಲಿರುವ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಮೂರು ವರ್ಷ ನಿಧಾನವಾಗಿ ಒಸರುತ್ತಿರುತ್ತದೆ. ನೂರು ಮಂದಿಯಲ್ಲಿ ಒಬ್ಬರಿಗೂ ವಿಫಲವಾಗದಷ್ಟು ಪರಿಣಾಮಕಾರಿ. ತೆಗೆಸಿದರೆ ಗರ್ಭಧಾರಣೆಯ ಶಕ್ತಿ ಬೇಗ ಮರಳುತ್ತದೆ. ಆದ್ದರಿಂದ ಬರುವ ವರ್ಷವೋ ಅದರಾಚೆಯ ವರ್ಷವೋ ಮಗು ಬೇಕೆನ್ನುವವರಿಗೆ ಇದು ಚುಚ್ಚುಮದ್ದಿಗಿಂತ ಮೇಲು. ತರಬೇತಿ ಪಡೆದ ವೈದ್ಯರೇ ಹಾಕಬೇಕು, ಅವರೇ ತೆಗೆಯಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಇದು ಇನ್ನೂ ಎಲ್ಲ ಕಡೆ ಬಂದಿಲ್ಲ. ಎರಡನೆಯದು ಗರ್ಭಕೋಶದೊಳಗೆ ಇರಿಸುವ ಹಾರ್ಮೋನಿನ ಸಾಧನ. ಮುಟ್ಟಿನಲ್ಲಿ ಅತಿಸ್ರಾವವಿರುವವರಿಗೆ ಇದರಿಂದ ಎರಡು ಲಾಭ, ರಕ್ತವೂ ಉಳಿಯುತ್ತದೆ. ಬೆಲೆ ಮಾತ್ರ ಸಾವಿರಗಳಲ್ಲಿ. ಮೂರನೆಯದು ನಮ್ಮ ಜನ ‘ವಂಕಿ’ ಎಂದು ಕರೆಯುವ ತಾಮ್ರದ ಸಾಧನ; ಇದರಲ್ಲಿ ಹಾರ್ಮೋನೇ ಇಲ್ಲ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, 380ಎ ಬಗೆಯದು ಹತ್ತು ವರ್ಷ ಕೆಲಸ ಮಾಡುತ್ತದೆ. ಆದರೆ ಮುಟ್ಟಿನ ಸ್ರಾವವನ್ನು ಇದು ಹೆಚ್ಚಿಸಬಹುದಾದ್ದರಿಂದ ಮೊದಲೇ ರಕ್ತ ಕಡಿಮೆಯಿರುವವರು ವೈದ್ಯರೊಡನೆ ಮಾತನಾಡಿ ನಿರ್ಧರಿಸಬೇಕು.

ಬೇರೆ ಔಷಧಿಗಳ ವಿಚಾರವನ್ನು ಮರೆಯಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೈನ್ ಇವು ತೋಳಿನ ಕಡ್ಡಿಯ ಬಲವನ್ನು ಕುಗ್ಗಿಸುತ್ತವೆ. ಅಂತರಾ ಚುಚ್ಚುಮದ್ದಿಗೂ ಗರ್ಭಕೋಶದ ಸಾಧನಗಳಿಗೂ ಈ ತೊಂದರೆಯಿಲ್ಲ. ಸ್ತನದ ಕ್ಯಾನ್ಸರ್ ಆಗಿದ್ದವರು ಚುಚ್ಚುಮದ್ದು, ಕಡ್ಡಿ, ಹಾರ್ಮೋನಿನ ಸಾಧನ ಈ ಮೂರರಿಂದಲೂ ದೂರವಿರಬೇಕು. ಕಾರಣ ತಿಳಿಯದ ರಕ್ತಸ್ರಾವವಿರುವವರು ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು.

ನಾವು ಆಯುರ್ವೇದದವರಾದ್ದರಿಂದ “ಸೂಜಿ ಬರೋತನಕ ಏನಾದರೂ ಬೇರು ನಾರು ಕೊಡ್ರಿ” ಎಂದು ಕೇಳುವವರಿಗೆ ಉತ್ತರ ಹೇಳಲೇಬೇಕು. ಹಿಪ್ಪಲಿ, ವಾಯುವಿಳಂಗ, ಬಿಳಿಗಾರ ಇವುಗಳ ಸಮಭಾಗದ ಚೂರ್ಣವನ್ನು ಹಾಲಿನೊಡನೆ ಕೊಡುವ ಯೋಗ ನಮ್ಮ ಗ್ರಂಥಗಳಲ್ಲಿ ಉಂಟು. ಅದನ್ನು ನಾವು ಅಂತರಾದ ಬದಲಿಯಾಗಿ ಯಾರಿಗೂ ಕೊಡುವುದಿಲ್ಲ. ಚುಚ್ಚುಮದ್ದಿಗೆ ಇರುವಷ್ಟು ಖಚಿತವಾದ ಆಧಾರ ಅದಕ್ಕೆ ಇಲ್ಲ. ದಾಸವಾಳದ ಹೂ, ಪರಂಗಿಕಾಯಿ, ಎಳ್ಳುಬೆಲ್ಲ ಇವನ್ನು ನೆಚ್ಚಿ ಕುಳಿತವರ ಗತಿಯನ್ನೂ ನೋಡಿದ್ದೇವೆ. ಶಾಸ್ತ್ರಕ್ಕೆ ಗೌರವ ತೋರಿಸುವುದೆಂದರೆ ಅದರ ಮಿತಿಯನ್ನು ಮುಚ್ಚಿಡುವುದಲ್ಲ.

ಹೊರದೇಶದಲ್ಲಿರುವ ಮಗಳು ರಜೆಗೆ ಬಂದಾಗಲೂ ಇಂಥದೇ ಪ್ರಶ್ನೆ ಏಳುತ್ತದೆ. ಅಲ್ಲಿ ವಾರಕ್ಕೊಂದು ಬದಲಿಸುವ ಚರ್ಮದ ಪಟ್ಟಿಯೋ ಮೂರು ವಾರ ಧರಿಸುವ ಉಂಗುರವೋ ರೂಢಿಯಾಗಿರುತ್ತದೆ. ನಮ್ಮ ಊರುಗಳಲ್ಲಿ ಅವನ್ನು ಹುಡುಕುವುದು ವ್ಯರ್ಥ. ಬೇಕಾದಷ್ಟನ್ನು ಅಲ್ಲಿಂದಲೇ ತರುವುದು ಮೇಲು. ಉಂಗುರವನ್ನು ಬಿಸಿಲಿಗೆ ಇಡಬಾರದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೊಳಗಿನ ಸೆಖೆಯೂ ಅದಕ್ಕೆ ಹೆಚ್ಚೇ. ಇವೆರಡರಲ್ಲಿಯೂ ಈಸ್ಟ್ರೊಜೆನ್ ಇರುವುದರಿಂದ ಆರು ತಿಂಗಳೊಳಗಿನ ಕೂಸಿಗೆ ಹಾಲುಣಿಸುವವರು, ರಕ್ತದೊತ್ತಡದವರು, ಕಣ್ಣುಮಂಜಿನೊಡನೆ ಅರೆತಲೆಶೂಲೆ ಬರುವವರು ಅಕ್ಕ ಬಳಸುತ್ತಾಳೆಂದು ತಾವೂ ಬಳಸುವಂತಿಲ್ಲ.

ನಾಲ್ಕು ವಾರಗಳ ಗಡುವು ಈಗಾಗಲೇ ಮೀರಿದ್ದರೆ, ಆಶಾ ಕಾರ್ಯಕರ್ತೆಯ ಬಳಿ ಉಚಿತವಾಗಿ ದೊರೆಯುವ ‘ನಿಶ್ಚಯ್’ ಕಿಟ್‌ನಿಂದ ಪರೀಕ್ಷಿಸಿ, ಗರ್ಭವಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ ಚುಚ್ಚುಮದ್ದು ಅಥವಾ ಬದಲಿ ಆರಂಭಿಸಬೇಕು. ಚುಚ್ಚುಮದ್ದು ಪಡೆದ ಬಳಿಕ ಏಳು ದಿನ ನಿರೋಧ್ ಇರಲಿ. ಈ ನಡುವೆ ರಕ್ಷಣೆಯಿಲ್ಲದ ಸಂಪರ್ಕವಾಗಿದ್ದರೆ 72 ಗಂಟೆಗಳೊಳಗೆ ತುರ್ತು ಗುಳಿಗೆ, ಇಲ್ಲವೆ ಐದು ದಿನಗಳೊಳಗೆ ವಂಕಿ. ಆಸ್ಪತ್ರೆಗೆ ಹೋಗುವಾಗ ಅಂತರಾ ಕಾರ್ಡು ಕೈಯಲ್ಲಿರಲಿ. ಕೊನೆಯ ಚುಚ್ಚುಮದ್ದಿನ ದಿನಾಂಕ ಗೊತ್ತಾಗದೆ ವೈದ್ಯರು ಯಾವುದನ್ನೂ ತೀರ್ಮಾನಿಸಲಾರರು.