ಬಿಯರ್ ಉದ್ಯಮ ಬೆಳೆದ ಬಗೆ: ತೆಂಗು ಬೆಳೆಗಾರರು ತಿಳಿಯಬೇಕಾದ ಕಥೆ

ನಮ್ಮ ಮೂರು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗುವವರು ತುಮಕೂರಿನ ಮೇಲೆ ಹೋದರೂ ಸರಿ, ಕುಣಿಗಲ್ಲಿನ ಮೇಲೆ ಹೋದರೂ ಸರಿ, ನೆಲಮಂಗಲವನ್ನು ಮುಟ್ಟಿಯೇ ಹೋಗಬೇಕು. ಆ ನೆಲಮಂಗಲದಲ್ಲಿ ಒಂದು ದೊಡ್ಡ ಬಿಯರ್ ಕಾರ್ಖಾನೆಯಿದೆ. ಅದಕ್ಕೆ ಬೇಕಾದ ಬಾರ್ಲಿ, ಅಂದರೆ ಜವೆಗೋಧಿ, ನಮ್ಮ ಸೀಮೆಯ ಬೆಳೆಯಲ್ಲ. ರಾಜಸ್ಥಾನ, ಹರಿಯಾಣ, ಪಂಜಾಬ್, ಉತ್ತರ ಪ್ರದೇಶಗಳ ಹಿಂಗಾರು ಬೆಳೆ ಅದು. ಕಹಿ ರುಚಿಗಾಗಿ ಹಾಕುವ ಹಾಪ್ಸ್ ಎಂಬ ಹೂವು ಬಹುಮಟ್ಟಿಗೆ ಹೊರದೇಶಗಳಿಂದ ಬರತಕ್ಕದ್ದು. ನಮ್ಮ ಕೊಬ್ಬರಿ ಉತ್ತರಕ್ಕೆ ಹೋಗುತ್ತದೆ, ಉತ್ತರದ ಬಾರ್ಲಿ ದಕ್ಷಿಣಕ್ಕೆ ಬರುತ್ತದೆ. ಆದರೂ ದೇಶದ ಅತಿ ದೊಡ್ಡ ಬಿಯರ್ ಕಂಪನಿಯ ಕೇಂದ್ರ ಕಛೇರಿ ಇರುವುದು ಬೆಂಗಳೂರಿನಲ್ಲಿ. ಕಚ್ಚಾ ಮಾಲು ಬೆಳೆಯದ ಊರಿನಲ್ಲಿ ಉದ್ಯಮ ಬೇರೂರಿದ್ದು ಹೇಗೆ? ಮರದ ಮೇಲೆಯೇ ಪಾನೀಯವಿರುವ ನಮ್ಮ ಸೀಮೆಯಲ್ಲಿ ಅಂಥ ಉದ್ಯಮ ಏಕೆ ಹುಟ್ಟಲಿಲ್ಲ? ಈ ಎರಡು ಪ್ರಶ್ನೆಗಳನ್ನು ಜೊತೆಯಾಗಿಟ್ಟು ನೋಡುವುದು ಈ ಲೇಖನದ ಉದ್ದೇಶ. ಮದ್ಯಪಾನವನ್ನು ಹೊಗಳುವುದು ಖಂಡಿತ ನಮ್ಮ ಉದ್ದೇಶವಲ್ಲ.

ಬಿಯರ್ ತಯಾರಾಗುವ ರೀತಿ

ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡುವುದನ್ನು ಎಲ್ಲರೂ ಬಲ್ಲೆವು. ಬಿಯರಿನ ಮೊದಲ ಹಂತವೂ ಹೀಗೆಯೇ. ಬಾರ್ಲಿಯನ್ನು ನೆನೆಸಿ ನಾಲ್ಕೈದು ದಿನ ಮೊಳಕೆ ಬರಿಸಿ, ಬಿಸಿ ಗಾಳಿಯಲ್ಲಿ ಒಣಗಿಸುತ್ತಾರೆ. ಇದಕ್ಕೆ ಮಾಲ್ಟ್ ಎಂದು ಹೆಸರು. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಹುಟ್ಟಿರುತ್ತದೆ. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ಕಲಸಿಟ್ಟರೆ ಸಿಹಿಯಾದ ರಸ ಬರುತ್ತದೆ. ಅದಕ್ಕೆ ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿದರೆ ಹುಳಿತು ಬಿಯರ್ ಆಗುತ್ತದೆ.

ಕೆಲಸ ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ತಣ್ಣಗೆ ಇಡದಿದ್ದರೆ ರಸ ಕೆಡುತ್ತದೆ. ಗಾಳಿಯಲ್ಲಿರುವ ಕಾಡು ಯೀಸ್ಟ್ ಸೇರಿದರೂ ಕೆಡುತ್ತದೆ. ಯೂರೋಪಿನಲ್ಲಿ ಈ ತೊಡಕುಗಳು ಬಿಡಿಸಿಕೊಂಡದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಫ್ರಾನ್ಸಿನ ಲೂಯಿ ಪ್ಯಾಸ್ಚರ್ 1876ರಲ್ಲಿ ಬಿಯರ್ ಕೆಡುವ ಕಾರಣಗಳನ್ನು ಕುರಿತು ಗ್ರಂಥವನ್ನೇ ಬರೆದರು. ಜರ್ಮನಿಯ ಕಾರ್ಲ್ ಲಿಂಡೆ ಶೈತ್ಯಯಂತ್ರವನ್ನು ಮೊದಲು ಮಾಡಿಕೊಟ್ಟದ್ದು ಬಿಯರ್ ತಯಾರಕರಿಗಾಗಿಯೇ. ಡೆನ್ಮಾರ್ಕಿನ ಹ್ಯಾನ್ಸೆನ್ 1883ರಲ್ಲಿ ಒಂದೇ ಜಾತಿಯ ಶುದ್ಧ ಯೀಸ್ಟನ್ನು ಬೇರ್ಪಡಿಸಿದರು. ಶುಚಿ, ಶೈತ್ಯ, ಶುದ್ಧ ಯೀಸ್ಟ್, ಈ ಮೂರು ಕೈಗೆ ಬಂದ ಮೇಲೆ ಬಿಯರ್ ಮನೆಕೆಲಸದ ಮಟ್ಟವನ್ನು ಬಿಟ್ಟು ಮಹಾ ಉದ್ಯಮವಾಯಿತು. ಈ ಮಾತನ್ನು ಸದಸ್ಯರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಪ್ರಸ್ತಾಪ ಬರುತ್ತದೆ.

ದಂಡಿನ ಜೊತೆ ಬಂದದ್ದು

ನಮ್ಮ ದೇಶಕ್ಕೆ ಈ ಪಾನೀಯ ಬಂದದ್ದು ಇಂಗ್ಲಿಷರ ಸೈನ್ಯದ ಜೊತೆ. ಮೊದಲು ಹಡಗಿನಲ್ಲಿ ಆಫ್ರಿಕವನ್ನು ಬಳಸಿಕೊಂಡು ತಿಂಗಳುಗಟ್ಟಲೆ ಪ್ರಯಾಣ ಮಾಡಿ ಪೀಪಾಯಿಗಳು ಬರುತ್ತಿದ್ದವು. ಆಮೇಲೆ ಇಲ್ಲಿಯೇ ತಯಾರಿಸುವ ಯೋಚನೆ ಬಂದು, ಹವೆ ತಂಪಾಗಿರುವ ಜಾಗಗಳನ್ನು ಹುಡುಕಿದರು. ಉತ್ತರದಲ್ಲಿ ಹಿಮಾಲಯದ ತಪ್ಪಲಿನ ಕಸೌಲಿ, ದಕ್ಷಿಣದಲ್ಲಿ ನೀಲಗಿರಿ ಮತ್ತು ಬೆಂಗಳೂರು ಅವರ ಕಣ್ಣಿಗೆ ಬಿದ್ದವು. ಬೆಂಗಳೂರಿನ ದಂಡು 1809ರಲ್ಲಿ ನೆಲೆಗೊಂಡಿತ್ತು. ಕುಡಿಯುವ ಸಿಪಾಯಿಗಳು ಅಲ್ಲಿಯೇ ಇದ್ದುದರಿಂದ ಗಿರಾಕಿಯನ್ನು ಬೇರೆ ಕಡೆ ಹುಡುಕಬೇಕಾಗಿರಲಿಲ್ಲ.

ಹೀಗೆ ಹುಟ್ಟಿದ ಕಾರ್ಖಾನೆಗಳು ಸಣ್ಣ ಸಣ್ಣವು. ಅವುಗಳಲ್ಲಿ ಹಳೆಯದಾದ ಕ್ಯಾಸಲ್ ಬ್ರೂವರಿ 1857ರದು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್ಮನ್ ಎಂಬಾತ ಇಂಥ ಐದು ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಕಂಪನಿಯನ್ನು ಕಟ್ಟಿದ. ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿಕೊಂಡು ಹೋಗಿ ಸೈನ್ಯಕ್ಕೆ ಒದಗಿಸುತ್ತಿದ್ದ ಕಾಲವದು. ಐದು ಕಾರ್ಖಾನೆಗಳು ಒಂದಕ್ಕೊಂದು ಪೈಪೋಟಿ ಮಾಡುತ್ತಲೇ ಇದ್ದಿದ್ದರೆ ಎಷ್ಟು ಉಳಿಯುತ್ತಿದ್ದವೋ ಹೇಳುವುದು ಕಷ್ಟ. ಒಂದಾದದ್ದರಿಂದ ಉಳಿದವು.

ಬಂಟ್ವಾಳ ಮೂಲದ ಮನೆತನದ ವಿಠಲ್ ಮಲ್ಯ 1947ರಲ್ಲಿ ಈ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ಸೈನ್ಯ ಹೊರಟುಹೋದ ಮೇಲೆ ಊರ ಗಿರಾಕಿಯನ್ನು ಹುಡುಕಿಕೊಂಡು ವ್ಯಾಪಾರವನ್ನು ಬೆಳೆಸಿದವರು ಅವರು. 1978ರಲ್ಲಿ ಕಿಂಗ್‌ಫಿಷರ್ ಎಂಬ ಹಳೆಯ ಹೆಸರಿಗೆ ಹೊಸ ರೂಪ ಕೊಟ್ಟು ಮಾರುಕಟ್ಟೆಗೆ ತರಲಾಯಿತು. 1983ರಲ್ಲಿ ವಿಠಲ್ ಮಲ್ಯ ತೀರಿಕೊಂಡ ಬಳಿಕ ಮಗ ವಿಜಯ್ ಮಲ್ಯ ಅಧಿಕಾರ ವಹಿಸಿಕೊಂಡರು. ಅದೇ ಹೆಸರಿನ ವಿಮಾನ ಸಂಸ್ಥೆ 2012ರಲ್ಲಿ ಹಾರಾಟ ನಿಲ್ಲಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. 2021ರಲ್ಲಿ ಬಿಯರ್ ಕಂಪನಿಯ ಹೆಚ್ಚಿನ ಷೇರುಗಳು ಹಾಲೆಂಡಿನ ಹೈನೆಕೆನ್ ಕಂಪನಿಯ ಕೈಸೇರಿದವು. ಬೆಂಗಳೂರಿನಲ್ಲಿ ಹಳೆಯ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಯು.ಬಿ. ಸಿಟಿ ಎಂಬ ಗಗನಚುಂಬಿ ಕಟ್ಟಡಗಳಿವೆ. ಅದರ ಮುಂದಿನ ರಸ್ತೆಗೆ ವಿಠಲ್ ಮಲ್ಯರ ಹೆಸರು.

ಕಾಫಿಯ ನಾಡಿನ ಬಿಯರ್

ಕಾಫಿ ಬೆಳೆಗಾರರಾದ ನಮ್ಮ ಸದಸ್ಯರಿಗೆ ಬ್ರೆಜಿಲ್ ದೇಶ ಅಪರಿಚಿತವಲ್ಲ. ಅಲ್ಲಿ ಹಿಮ ಬಿದ್ದರೆ ಇಲ್ಲಿ ನಮ್ಮ ಕಾಫಿಯ ಧಾರಣೆ ಏರುತ್ತದೆ. ಆ ದೇಶದಲ್ಲಿಯೂ ಬಿಯರನ್ನು ತಂದವರು ಯೂರೋಪಿನಿಂದ ವಲಸೆ ಬಂದವರೇ. ರಿಯೋ ನಗರದ ಬ್ರಹ್ಮ, ಸಾವೊ ಪಾಲೊ ನಗರದ ಅಂಟಾರ್ಕ್ಟಿಕ ಎಂಬ ಎರಡು ಕಂಪನಿಗಳು 1880ರ ದಶಕದಲ್ಲಿ ಹುಟ್ಟಿ, ನೂರು ವರ್ಷಕ್ಕೂ ಮೀರಿ ಒಂದಕ್ಕೊಂದು ಸೆಣಸಾಡಿದವು. 1999ರಲ್ಲಿ ಕೈಜೋಡಿಸಿ ಆಂಬೆವ್ ಎಂಬ ಒಂದೇ ಕಂಪನಿಯಾದವು. 2004ರಲ್ಲಿ ಬೆಲ್ಜಿಯಮ್ಮಿನ ಕಂಪನಿಯೊಡನೆ, 2008ರಲ್ಲಿ ಅಮೆರಿಕದ ಕಂಪನಿಯೊಡನೆ ಸೇರಿ ಜಗತ್ತಿನಲ್ಲಿಯೇ ದೊಡ್ಡದಾದ ಬಿಯರ್ ಸಂಸ್ಥೆ ನಿರ್ಮಾಣವಾಯಿತು. 2016ರಲ್ಲಿ ಅದು ಎಸ್‌ಎಬಿ ಮಿಲ್ಲರ್ ಕಂಪನಿಯನ್ನೂ ಕೊಂಡಿತು. ನಮ್ಮ ರಾಜ್ಯದ ಮೈಸೂರು ಬ್ರೂವರೀಸ್ ಅದಕ್ಕೂ ಮೊದಲೇ ಎಸ್‌ಎಬಿ ಮಿಲ್ಲರ್ ಪಾಲಾಗಿತ್ತು. ಬೆಂಗಳೂರಾಗಲಿ ಬ್ರೆಜಿಲ್ಲಾಗಲಿ, ಒಂದುಗೂಡಿದವರೇ ಬೆಳೆದಿದ್ದಾರೆ.

ಇದರಲ್ಲಿ ಬಾರ್ಲಿ ಬೆಳೆದವನಿಗೆ ಏನು ಬಂತು? ಕಂಪನಿಗಳು ರಾಜಸ್ಥಾನದ ಕಡೆ ಒಳ್ಳೆಯ ಬೀಜ ಕೊಟ್ಟು, ಕೊಳ್ಳುವ ಭರವಸೆಯಿತ್ತು ಬಾರ್ಲಿ ಬೆಳೆಸುವ ಪದ್ಧತಿಯನ್ನು ತಂದಿವೆ. ರೈತನಿಗೆ ಅದರಿಂದ ಅನುಕೂಲವಾಗಿರಬಹುದು. ಆದರೆ ಬಾಟಲಿಯ ಬೆಲೆಯಲ್ಲಿ ದೊಡ್ಡ ಪಾಲು ಸರ್ಕಾರದ ತೆರಿಗೆಗೆ, ಅನಂತರ ತಯಾರಕರಿಗೆ, ಮಾರಾಟಗಾರರಿಗೆ. ಕಾಳಿನ ಬೆಲೆ ಅದರಲ್ಲಿ ಬಹಳ ಕಡಿಮೆ. ಒಟ್ಟುಗೂಡಿದವರು ಕಾರ್ಖಾನೆಯವರೇ ಹೊರತು ಬೆಳೆಗಾರರಲ್ಲ.

ನಮ್ಮ ಮರದ ಪಾನೀಯ

ಈಗ ನಮ್ಮ ತೋಟಕ್ಕೆ ಬರೋಣ. ತೆಂಗಿನ ಹೊಂಬಾಳೆಯಿಂದ ಇಳಿಸುವ ನೀರಾದಲ್ಲಿ ಶೇಕಡ 12ರಿಂದ 15ರಷ್ಟು ಸಕ್ಕರೆ ಸಹಜವಾಗಿಯೇ ಇದೆ. ಮೊಳಕೆ ಬರಿಸುವ, ಕುದಿಸುವ ತಾಪತ್ರಯವಿಲ್ಲ. ಇಳಿಸಿದಾಗ ಅದು ಅಮಲಿಲ್ಲದ ಸಿಹಿ ಪಾನೀಯ. ಬಿಸಿಲೇರುತ್ತಿದ್ದಂತೆ ಕಾಡು ಯೀಸ್ಟ್ ಸೇರಿ ಹೆಂಡವಾಗುತ್ತದೆ. ಮಡಕೆಗೆ ಸುಣ್ಣ ಬಳಿದು ಇದನ್ನು ತಡೆಯುವ ಉಪಾಯ ನಮ್ಮ ಹಿರಿಯರಿಗೆ ಗೊತ್ತಿತ್ತು.

ಆದರೆ 1965ರ ಅಬಕಾರಿ ಕಾನೂನು ಹುಳಿತ ರಸ, ಹುಳಿಯದ ರಸ ಎರಡನ್ನೂ ಹೆಂಡವೆಂದೇ ಕರೆಯಿತು. ಹೀಗಾಗಿ ತನ್ನ ಮರದಿಂದ ಸಿಹಿ ನೀರಾ ಇಳಿಸಿದ ರೈತನೂ ತಪ್ಪಿತಸ್ಥನಾಗಬೇಕಾಯಿತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ನಮ್ಮ ತೋಟಗಳಿಗೂ ಹಬ್ಬಿ ಕಾಯಿ ಸೊರಗಿದಾಗ, ನೀರಾ ಇಳಿಸಲು ಬಿಡಿ ಎಂದು ರೈತರು ಚಳವಳಿ ಹೂಡಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗೋಲಿಬಾರಿಗೆ ರೈತರು ಪ್ರಾಣ ತೆತ್ತರು. ಅದಾದ ಮೇಲೆ 2004ರಲ್ಲಿ ಸೇಂದಿ ನಿಂತಿತು, 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಬಿಯರ್ ನಿಲ್ಲಲಿಲ್ಲ. ಅದರ ಹಿಂದೆ ಸಂಘಟಿತ ಉದ್ಯಮವಿತ್ತು, ಲೆಕ್ಕ ಕೊಡುವ ವ್ಯವಸ್ಥೆಯಿತ್ತು, ಸರ್ಕಾರಕ್ಕೆ ಬರುವ ತೆರಿಗೆಯಿತ್ತು. ಮರದ ರಸಕ್ಕೆ ಈ ಯಾವ ಆಸರೆಯೂ ಇರಲಿಲ್ಲ.

2016ರಲ್ಲಿ ರಾಜ್ಯದ ಕಾನೂನು ತಿದ್ದುಪಡಿಯಾಗಿ, ಪರವಾನಗಿ ಪಡೆದು ನೀರಾ ಇಳಿಸುವ ದಾರಿ ತೆರೆಯಿತು. ತಾಂತ್ರಿಕ ತೊಡಕೂ ಈಗ ಹಿಂದಿನಷ್ಟಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೊಂಬಾಳೆಗೇ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿ, ಸುಣ್ಣವಿಲ್ಲದೆ ರಸವನ್ನು ಹುಳಿಯದಂತೆ ಹಿಡಿಯುವ ವಿಧಾನವನ್ನು ರೂಪಿಸಿ, ಆ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟಿದ್ದಾರೆ. ಬಿಯರಿನವರಿಗೆ 19ನೇ ಶತಮಾನದಲ್ಲಿ ದೊರೆತ ಶೈತ್ಯ ನಮ್ಮ ಮರಕ್ಕೆ ತಡವಾಗಿಯಾದರೂ ದೊರೆತಿದೆ.

ಉಳಿದಿರುವುದು ಒಂದುಗೂಡುವ ಕೆಲಸ. ಒಬ್ಬ ರೈತ ಹತ್ತು ಮರದ ನೀರಾ ಇಳಿಸಿ ತಂಪಾಗಿಟ್ಟು ಮಾರಲು ಸಾಧ್ಯವಿಲ್ಲ. ಮರ ಹತ್ತುವವರಿಗೆ ತರಬೇತಿ, ಹಗ್ಗ ಏಣಿಗಳ ಜೊತೆಗೆ ವಿಮೆ, ಹಳ್ಳಿಗೊಂದು ಶೀತಲ ಕೇಂದ್ರ, ಉಳಿದ ರಸವನ್ನು ಬೆಲ್ಲ ಮಾಡುವ ಒಲೆ, ಇವೆಲ್ಲ ಸಂಘಗಳು ಕೂಡಿದರೆ ಮಾತ್ರ ಆಗತಕ್ಕ ಕೆಲಸಗಳು. ನೀರಾ ಇಳಿಸಿದ ಹೊಂಬಾಳೆಯಲ್ಲಿ ಕಾಯಿ ಕಟ್ಟುವುದಿಲ್ಲವೆಂಬುದನ್ನೂ ಮರೆಯಬಾರದು. ಆದ್ದರಿಂದ ತೋಟದ ಎಲ್ಲ ಮರಗಳನ್ನೂ ಇದಕ್ಕೆ ಒಡ್ಡುವುದು ಬೇಡ, ಕೆಲವು ಮರ ಸಾಕು.

2023ರಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಗಿಂತ ಬಹಳ ಕೆಳಕ್ಕೆ ಕುಸಿದಾಗ ನೀರಾದ ಮಾತು ಎಲ್ಲ ಕಡೆ ಕೇಳಿಬಂತು. 2025ರಲ್ಲಿ ಧಾರಣೆ ಹಿಂದೆಂದೂ ಕಾಣದಷ್ಟು ಏರಿದಾಗ ಆ ಮಾತು ಅಡಗಿತು. ಆದರೆ ಕಟ್ಟುವ ಕೆಲಸಕ್ಕೆ ಕೈಯಲ್ಲಿ ಕಾಸಿರುವ ಕಾಲವೇ ಒಳ್ಳೆಯದು. ಧಾರಣೆ ಬಿದ್ದ ಮೇಲೆ ಷೇರು ಹಣ ಕೊಡಿರೆಂದು ಕೇಳಿದರೆ ಯಾರು ತಾನೆ ಕೊಟ್ಟಾರು? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಂಘಗಳು ಒಂದೆಡೆ ಕುಳಿತು ಇದರ ಖರ್ಚುವೆಚ್ಚಗಳನ್ನು ಲೆಕ್ಕ ಹಾಕುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಸದಸ್ಯ ಬಾಂಧವರು ಈ ವಿಷಯವನ್ನು ತಮ್ಮ ತಮ್ಮ ಊರುಗಳಲ್ಲಿ ಚರ್ಚಿಸಿ, ಮುಂದಿನ ಸರ್ವ ಸದಸ್ಯರ ಸಭೆಗೆ ಒಪ್ಪಿಗೆಯನ್ನೋ ಆಕ್ಷೇಪಣೆಯನ್ನೋ ಸಿದ್ಧಮಾಡಿಕೊಂಡು ಬರಬೇಕಾಗಿ ಕೋರುತ್ತೇವೆ.