ದಾನಪತ್ರಕ್ಕೆ ರುಜು ಹಾಕುವ ಮುನ್ನ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗೃಹಸ್ಥರಿಗೆ ಭೂಮಿಯ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಂದಿನಿಂದ ಇಲ್ಲಿಯ ಕಬ್ಬು ಬತ್ತದ ಗದ್ದೆಯೇ ಮನೆತನದ ಮಾನ, ಮಗಳ ಮದುವೆ, ಮುಪ್ಪಿನ ಊರುಗೋಲು. ಅಂತಹ ಭೂಮಿಯನ್ನು ಮಕ್ಕಳಿಗೆ ಬರೆದುಕೊಟ್ಟು, ಬಳಿಕ ಅನ್ನಕ್ಕಾಗಿ ಅರ್ಜಿ ಹಿಡಿದು ಉಪವಿಭಾಗಾಧಿಕಾರಿಗಳ ಕಚೇರಿಯ ಮೆಟ್ಟಿಲೇರುವ ದುರವಸ್ಥೆ ಯಾವ ತಂದೆತಾಯಿಗೂ ಬಾರದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಆ ಕಚೇರಿಯನ್ನೇ ಹೆಸರಿಸಿದುದಕ್ಕೆ ಕಾರಣವುಂಟು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯ್ದೆಯ ಮೇರೆಗೆ ಪ್ರತಿ ಉಪವಿಭಾಗಕ್ಕೂ ಒಂದು ನ್ಯಾಯಮಂಡಳಿ ಇರತಕ್ಕದ್ದು. ಮೇಲೆ ಹೇಳಿದ ಮೂರು ತಾಲ್ಲೂಕುಗಳೂ ಸೇರಿ ಮಂಡ್ಯ ಉಪವಿಭಾಗ. ತಮ್ಮ ಸಂಪಾದನೆ ಅಥವಾ ಆಸ್ತಿಯಿಂದ ಜೀವನ ಸಾಗಿಸಲಾರದ ತಂದೆತಾಯಿಗಳು ಅಲ್ಲಿ ಜೀವನಾಂಶ ಕೇಳಬಹುದು. ವಕೀಲರನ್ನು ಹಿಡಿಯಲೇಬೇಕೆಂಬ ನಿರ್ಬಂಧವಿಲ್ಲ. ನೋಟೀಸು ಮುಟ್ಟಿದ 90 ದಿನಗಳೊಳಗೆ ಅರ್ಜಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಹೊಣೆ ಗಂಡುಮಕ್ಕಳದು ಮಾತ್ರವಲ್ಲ, ಹೆಣ್ಣುಮಕ್ಕಳದೂ ಹೌದು. ಆದರೂ ಗದ್ದೆಯೆಲ್ಲ ಗಂಡುಮಕ್ಕಳಿಗೆ, ತಾಯಿ ಮಾತ್ರ ಮಗಳಿಗೆ ಎಂಬ ಹಂಚಿಕೆಯನ್ನು ನಮ್ಮ ಕಡೆ ಕಾಣದವರಾರು? ಮಂಡಳಿಯ ತೀರ್ಪಿನಿಂದ ಸಮಾಧಾನವಾಗದ ತಂದೆತಾಯಿಗಳು 60 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು.

ಕಷ್ಟವಿರುವುದು ಜೀವನಾಂಶದಲ್ಲಲ್ಲ, ಕೊಟ್ಟ ಭೂಮಿಯನ್ನು ಹಿಂದಕ್ಕೆ ಪಡೆಯುವುದರಲ್ಲಿ. ಒಬ್ಬ ಮುದುಕರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆಂದಿಟ್ಟುಕೊಳ್ಳೋಣ. ಪತ್ರಬರಹಗಾರನು ವಾಡಿಕೆಯಂತೆ, ಪ್ರೀತಿವಿಶ್ವಾಸಗಳಿಂದ ದಾನ ಕೊಟ್ಟಿದ್ದೇನೆಂದು ಬರೆಯುತ್ತಾನೆ. ತನ್ನನ್ನು ಸಾಕಬೇಕೆಂಬ ಮಾತನ್ನು ಸೇರಿಸೆನ್ನಲು ಮುದುಕರಿಗೆ ಸಂಕೋಚ. ಹೆತ್ತ ಮಗನಿಗೆ ಶರತ್ತು ಹಾಕುವುದೆ? ಮಗನು ಪಕ್ಕದಲ್ಲಿಯೇ ನಿಂತಿದ್ದಾನೆ. ಆ ಒಂದು ಗಳಿಗೆಯ ಸಂಕೋಚ ಮುಂದೆ ಬಹಳ ದುಬಾರಿಯಾಗುತ್ತದೆ.

ಏಕೆಂದರೆ ಕಾಯ್ದೆಯ 23ನೆಯ ಕಲಮಿನ ಪ್ರಕಾರ, ಪೋಷಿಸಬೇಕೆಂಬ ಶರತ್ತಿನ ಮೇಲೆ ಕೊಟ್ಟ ಆಸ್ತಿಯಾಗಿದ್ದು, ಪಡೆದವನು ಪೋಷಿಸದೆ ಹೋದರೆ ಮಾತ್ರ ಮಂಡಳಿಯು ಆ ಪತ್ರವನ್ನು ರದ್ದುಪಡಿಸಬಹುದು. ಅಂತಹ ಶರತ್ತು ಇತ್ತೆಂದು ತೋರಿಸದೆ ರದ್ದತಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು, ಈ ಕಾಯ್ದೆಯನ್ನು ವೃದ್ಧರ ಹಿತಕ್ಕನುಗುಣವಾಗಿ ಉದಾರವಾಗಿ ಅರ್ಥಮಾಡಬೇಕೆಂದು ದಾನವನ್ನು ರದ್ದುಪಡಿಸಿತು. ಹಾಗಾದರೆ ಚಿಂತೆಯಿಲ್ಲವೆಂದು ಓದುಗರು ಭಾವಿಸಬಾರದು. ಆ ತಾಯಿಯ ಕೈಯಲ್ಲಿ, ಸಾಕುತ್ತೇನೆಂದು ಮಗನು ಬರೆದುಕೊಟ್ಟುದೆಂದು ಹೇಳಲಾದ ವಚನಪತ್ರವೊಂದು ಬೇರೆ ಇತ್ತು. ನಮ್ಮ ಮುದುಕರ ಬಳಿ ಏನಿದೆ?

ಆದಕಾರಣ ದಾನಪತ್ರ ಬರೆಯಿಸುವವರು ಒಂದು ವಾಕ್ಯವನ್ನು ತಪ್ಪದೆ ಸೇರಿಸತಕ್ಕದ್ದು: ದಾನ ಪಡೆದವನು ದಾನ ಕೊಟ್ಟವರ ಜೀವಮಾನಪರ್ಯಂತ ಅನ್ನ, ವಸ್ತ್ರ, ವಸತಿ, ಔಷಧೋಪಚಾರಗಳನ್ನು ಒದಗಿಸತಕ್ಕದ್ದು, ತಪ್ಪಿದಲ್ಲಿ ದಾನವು ರದ್ದಾಗತಕ್ಕದ್ದು. ಒಳ್ಳೆಯ ಮಗನಿಗೆ ಇದರಿಂದ ಕುಂದೇನೂ ಇಲ್ಲ. ಅದಕ್ಕಿಂತ ಉಯಿಲೇ ಮೇಲೆಂದು ನಮ್ಮ ಅಭಿಪ್ರಾಯ. ಉಯಿಲು ಬರೆದವರ ಕಾಲಾನಂತರವೇ ಜಾರಿಗೆ ಬರುವುದರಿಂದ, ಬದುಕಿರುವವರೆಗೆ ಪಹಣಿಯಲ್ಲಿ ಅವರ ಹೆಸರೇ ಇರುತ್ತದೆ. ಬುದ್ಧಿ ಸ್ವಾಧೀನದಲ್ಲಿರುವ ತನಕ ಎಷ್ಟು ಸಲವಾದರೂ ಬದಲಾಯಿಸಬಹುದು.

ಬುದ್ಧಿಯೇ ಸ್ವಾಧೀನ ತಪ್ಪಿದರೆ? ಮರೆವಿನ ರೋಗ ಹಿಡಿದ ತಂದೆಯ ಹಣಕ್ಕೆ ಹಿರಿಯ ಮಗನು ತಾನೇ ಪಾಲಕನೆಂದು ತಿಳಿಯುವುದುಂಟು. ಕಾನೂನು ಹಾಗೆ ಹೇಳುವುದಿಲ್ಲ. ಮೊದಲೇ ಬರೆಸಿಕೊಂಡ ಜಿಪಿಎ ಇದೆಯಲ್ಲ ಎಂದರೆ, ಕರಾರು ಕಾಯ್ದೆಯ ಮೇರೆಗೆ ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ಕೆಟ್ಟೊಡನೆ ಅದರ ಅಧಿಕಾರವೂ ಮುಗಿಯುತ್ತದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿಗೆ ಮೇಲ್ವಿಚಾರಕರನ್ನು ನೇಮಿಸುವ ಅಧಿಕಾರ ಜಿಲ್ಲಾ ನ್ಯಾಯಾಲಯಕ್ಕಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಕಾಯ್ದೆಯಲ್ಲಿ ಆ ಭಾಗವಿಲ್ಲ. ಆದುದರಿಂದ ಇಂತಹ ಕುಟುಂಬಗಳು ರಿಟ್ ಅರ್ಜಿಯೊಡನೆ ಉಚ್ಚ ನ್ಯಾಯಾಲಯಕ್ಕೆ ಹೋಗುತ್ತವೆ. ಮಳವಳ್ಳಿಯ ಮೂಲೆಯ ಹಳ್ಳಿಯವರಿಗೆ ಬೆಂಗಳೂರಿನ ಆ ಓಡಾಟ ಸುಲಭವಲ್ಲ. ತಂದೆಗೆ ತಿಳಿವು ಇರುವಾಗಲೇ ಬ್ಯಾಂಕಿನ ಖಾತೆಯನ್ನು ತಾಯಿಯೊಡನೆ ಜಂಟಿಯಾಗಿ, ಇಬ್ಬರಲ್ಲಿ ಯಾರಾದರೂ ಹಣ ತೆಗೆಯುವಂತೆ ಮಾಡಿಸಿಟ್ಟಿದ್ದರೆ, ತಿಂಗಳ ಔಷಧದ ಖರ್ಚಿಗಾದರೂ ಕೋರ್ಟಿನ ಅಪ್ಪಣೆಯನ್ನು ಕಾಯಬೇಕಾಗುವುದಿಲ್ಲ.