ಹಳೆಯ ಮನೆಯ ಜಂತಿ, ಹೊಸ ಮನೆಯ ಪೀಠ

ಮಲಪ್ರಭೆಯ ದಂಡೆಯ ಊರುಗಳವರು 2019ರ ಆಗಸ್ಟ್ ತಿಂಗಳನ್ನು ಮರೆಯಲಾರರು. ನವಿಲುತೀರ್ಥದ ಜಲಾಶಯ ತುಂಬಿ, ಹೊರಬಿಟ್ಟ ನೀರು ಸವದತ್ತಿ, ರಾಮದುರ್ಗ ತಾಲೂಕುಗಳ ಹೊಳೆಸಾಲಿನ ಊರುಗಳನ್ನು ಹೊಕ್ಕಿತು. ತಲೆಮಾರುಗಳಿಂದ ನಿಂತಿದ್ದ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ಕುಸಿದು ಕುಳಿತವು. ಗೋಡೆ ಮರಳಿ ಮಣ್ಣಾಯಿತು. ಆದರೆ ಕಂಬ, ತೊಲೆ, ಜಂತಿಗಳು ಉಳಿದವು. ಸಿಮೆಂಟಿನ ಹೊಸ ಮನೆಗಳು ಎದ್ದ ಮೇಲೆ ಈ ಕಟ್ಟಿಗೆಗೆ ಸ್ಥಾನವಿಲ್ಲದಂತಾಗಿ, ಅದು ಹಿತ್ತಲಿನ ತಗಡಿನ ಕೆಳಗೆ ರಾಶಿಯಾಗಿ ಬಿದ್ದಿತು.

ಕಳೆದ ಶ್ರಾವಣದಲ್ಲಿ ಸವದತ್ತಿ ತಾಲೂಕಿನ ಅಂತಹ ಒಂದು ಊರಿನ ಭಕ್ತರ ಮನೆಗೆ ನಾವು ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ಹಿರಿಯ ತಾಯಿಗೆ ಎಂಬತ್ತು ದಾಟಿದೆ. ಮೊಣಕಾಲು ಮಡಚುವಂತಿಲ್ಲವೆಂದು ವೈದ್ಯರು ಹೇಳಿದ್ದಾರೆ. ಅವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಪೂಜೆಯ ಸಾಮಗ್ರಿಯನ್ನು ಇನ್ನೊಂದು ಕುರ್ಚಿಯ ಮೇಲಿರಿಸಿ ಇಷ್ಟಲಿಂಗ ಪೂಜೆ ಮಾಡುತ್ತಿದ್ದರು. ಪ್ರಸಾದದ ತಟ್ಟೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಕೈ ನಡುಗಿದಾಗ ತಟ್ಟೆಯೂ ನಡುಗುತ್ತಿತ್ತು. ತಟ್ಟೆಯನ್ನು ನೆಲಕ್ಕಿಡದೆ ಅಡ್ಡಣಿಗೆಯ ಮೇಲಿಟ್ಟು ಪ್ರಸಾದ ಸ್ವೀಕರಿಸುವುದು ಅವರ ಜೀವಮಾನದ ರೂಢಿ. ಆ ಮೂರು ಕಾಲಿನ ಅಡ್ಡಣಿಗೆ ಹೊಳೆಯ ಪಾಲಾಗಿತ್ತು.

ಪ್ರಸಾದವಾದ ಮೇಲೆ ಯಜಮಾನರು ಹಿತ್ತಲಿನ ರಾಶಿಯನ್ನು ತೋರಿಸಿ, “ಗುರುಗಳ್ರೀ, ನಾಳೆ ಕಟ್ಟಿಗಿ ಅಡ್ಡೆಯವ್ರು ಬರ್ತಾರ. ಕ್ವಿಂಟಲ್ ಲೆಕ್ಕದಾಗ ಕೊಟ್ಟುಬಿಡ್ತೀವ್ರಿ” ಎಂದರು. ನಾವು ಒಂದು ಜಂತಿಯನ್ನು ಬೇಡಿದೆವು. ಸೌದೆಯಾಗಿ ಹೋಗಲಿದ್ದ ಆ ಜಂತಿಯಿಂದ ಆ ತಾಯಿಗೊಂದು ಪೀಠವಾದ ಬಗೆಯನ್ನು, ಎಂದೂ ಕರಗಸ ಹಿಡಿಯದ ಗೃಹಸ್ಥರಿಗೆ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತಿದ್ದೇವೆ.

ನಾವು ಕಲಿತ ಮೊದಲ ಪಾಠ

ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲಕ್ಕೆ ನಾವೊಮ್ಮೆ ಬರೆಯುವ ಮಣೆಯನ್ನು ಮಾಡಹೊರಟಿದ್ದೆವು. ಒಂದು ಅಗಲ ಹಲಗೆಗೆ ಕೆಳಗಿನಿಂದ ಎರಡು ಅಡ್ಡಪಟ್ಟಿಗಳನ್ನು ಸರೇಸು ಹಚ್ಚಿ, ಮೊಳೆ ಬಡಿದು, ಬಿಗಿಯಾಗಿ ಕೂಡಿಸಿದೆವು. ಮಳೆಗಾಲದಲ್ಲಿ ಮಾಡಿದ ಆ ಮಣೆ ಬೇಸಿಗೆಯಲ್ಲಿ ಒಂದು ರಾತ್ರಿ ಸಿಡಿದ ಸದ್ದಾಗಿ ನಡುವೆ ಸೀಳಿತು. ಮಠದ ಕೆಲಸಕ್ಕೆ ಬರುತ್ತಿದ್ದ ವೃದ್ಧ ಬಡಿಗೇರರು ಅದನ್ನು ತಿರುವಿ ನೋಡಿ, “ತಮ್ಮಾ, ಕಟ್ಟಿಗಿಗೂ ಉಸಿರು ಅದ. ನೀ ಅದರ ಉಸಿರು ಕಟ್ಟೀದಿ” ಎಂದರು.

ಅವರ ಮಾತಿನಲ್ಲಿ ಶಾಸ್ತ್ರವೇ ಅಡಗಿತ್ತು. ಕಡಿದು ವರ್ಷಗಳಾದರೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ತೇವ ಹೀರಿದಾಗ ಅದು ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ವ್ಯತ್ಯಾಸವಾಗುವುದು ತೀರ ಅಲ್ಪ. ಶ್ರಾವಣದಲ್ಲಿ ಹಿಡಿದುಕೊಳ್ಳುವ ಕದ ಶಿವರಾತ್ರಿಯ ಹೊತ್ತಿಗೆ ಸಡಿಲಾಗುವುದನ್ನು ಎಲ್ಲರೂ ಬಲ್ಲರು. ನಮ್ಮ ಹಲಗೆ ಅಗಲದಲ್ಲಿ ಕುಗ್ಗಲು ಬಯಸಿತು. ಅಡ್ಡಪಟ್ಟಿ ತನ್ನ ಉದ್ದದಲ್ಲಿ ಕುಗ್ಗಲೊಲ್ಲದಾಯಿತು. ಆ ಜಗ್ಗಾಟದಲ್ಲಿ ಹಲಗೆ ಸೀಳಿತು. ಮನೆಯಲ್ಲಿ ಮರಗೆಲಸ ಮಾಡುವವರು ಈ ಒಂದು ತತ್ವವನ್ನು ಅರಿತರೆ ಅರ್ಧ ವಿದ್ಯೆ ಬಂದಂತೆ.

ಕಟ್ಟಿಗೆಯ ಪರೀಕ್ಷೆ

ನಮ್ಮ ಸೀಮೆಯಲ್ಲಿ ಕಟ್ಟಿಗೆ ಊರಿಂದೂರಿಗೆ ಬೇರೆ. ಪಡುವಣ ಕಾಡಿಗೆ ಸಮೀಪವಾದ ಕಿತ್ತೂರಿನ ಕಡೆಯ ಹಂಚಿನ ಮನೆಗಳಲ್ಲಿ ಸಾಗವಾನಿ, ಮತ್ತಿ ಕಾಣುತ್ತವೆ. ಬೈಲಹೊಂಗಲದಿಂದ ಮೂಡಣಕ್ಕೆ ಎರೆನೆಲದಲ್ಲಿ ಸಾಗಿ ಸವದತ್ತಿ, ರಾಮದುರ್ಗಗಳನ್ನು ಮುಟ್ಟುವ ಹೊತ್ತಿಗೆ ಬೇವು, ಜಾಲಿ ಹೆಚ್ಚಾಗುತ್ತವೆ. ಸಾಗವಾನಿ ಹೊಸಬರ ಕೈಗೂ ಒಲಿಯುತ್ತದೆ. ಬೇವಿನ ಕಹಿಗೆ ಹುಳು ಸುಲಭವಾಗಿ ಹತ್ತದು. ಬಂಡಿಗೂ ಕುಂಟೆಗೂ ಹೇಳಿಮಾಡಿಸಿದ ಜಾಲಿ ಬಹು ಗಡುಸು. ಅದನ್ನು ಮೊದಲ ಕೆಲಸಕ್ಕೆ ಆರಿಸಬಾರದು.

ಹಳೆಯ ಜಂತಿಯನ್ನು ಉಳಿಯ ಮೊನೆಯಿಂದ ಅಲ್ಲಲ್ಲಿ ಚುಚ್ಚಿ ನೋಡಬೇಕು. ಮೊನೆ ಸಲೀಸಾಗಿ ಇಳಿದರೆ, ಹಿಟ್ಟಿನಂತಹ ಪುಡಿ ಉದುರಿದರೆ ಆ ಭಾಗವನ್ನು ಬಿಡಬೇಕು. ತಟ್ಟಿದಾಗ ಗಟ್ಟಿ ನಾದ ಬಂದರೆ ಒಳಗೆ ಚೇಗು ಉಳಿದಿದೆಯೆಂದು ತಿಳಿಯಬೇಕು. ಅನಂತರ ಮೊಳೆಗಳನ್ನೆಲ್ಲ ಕೀಳಬೇಕು. ಕಾಣದ ಮೊಳೆಗಾಗಿ ಅಯಸ್ಕಾಂತ ಆಡಿಸಿ ನೋಡಬೇಕು. ಒಂದು ಮೊಳೆ ಉಳಿದರೂ ಸಾಮಿಲ್ಲಿನ ಗರಗಸದ ಹಲ್ಲು ಮುರಿದು ಅಪಾಯವಾದೀತು. ಬಣ್ಣ ಬಳಿದ ಹಳೆಯ ಕದ, ಕಿಟಕಿಗಳನ್ನು ಒಣಗಿದ್ದಾಗ ಉಜ್ಜಬಾರದು. ಹಿಂದಿನ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಆ ಧೂಳು ಮಕ್ಕಳಿಗೆ ವಿಷ. ಮನೆಯ ಬಣ್ಣಗಳಲ್ಲಿ ಸೀಸಕ್ಕೆ ಕಟ್ಟುನಿಟ್ಟಾದ ಮಿತಿ ಬಂದದ್ದು 2016ರ ನಿಯಮದಿಂದ.

ಹೊಲದಲ್ಲಿ ನಿಂತ ಮರವನ್ನು ಕಡಿಯುವ ವಿಚಾರವಿದ್ದರೆ, ಮರ ಸ್ವಂತದ್ದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು. ಕೆಲವು ಜಾತಿಯ ಮರಗಳಿಗೆ ಮಾತ್ರ ವಿನಾಯಿತಿಯಿದೆ. ಹಳೆಯ ಮನೆಯ ಕಟ್ಟಿಗೆಗೆ ಮರ ಕಡಿಯುವ ಪ್ರಶ್ನೆಯೇ ಬಾರದೆಂಬುದು ಅದರ ಇನ್ನೊಂದು ಗುಣ.

ಮೂರು ಮಣೆ ಸೇರಿದರೆ ಒಂದು ಪೀಠ

ನಾವು ಬೇಡಿ ಪಡೆದದ್ದು ಏಳು ಅಡಿ ಉದ್ದದ, ನಾಲ್ಕು ಅಂಗುಲಕ್ಕೆ ಐದು ಅಂಗುಲದ ಸಾಗವಾನಿ ಜಂತಿ. ಸಾಮಿಲ್ಲಿನಲ್ಲಿ ಅದನ್ನು ಒಂದೂಕಾಲು ಅಂಗುಲ ದಪ್ಪದ, ನಾಲ್ಕು ಅಂಗುಲ ಅಗಲದ ಮೂರು ಹಲಗೆಗಳಾಗಿ ಸೀಳಿಸಿದೆವು. ಉಳಿದ ತೆಳು ಹಲಗೆಯೊಂದು ಅಡ್ಡಪಟ್ಟಿಗಳಿಗಾಯಿತು. ಹತ್ತರಿ ಹಿಡಿದು ನಯಗೊಳಿಸಿದಾಗ ಮೂರು ಹಲಗೆಗಳೂ ಒಂದು ಅಂಗುಲ ದಪ್ಪಕ್ಕೆ ಬಂದವು.

ನಮ್ಮೊಡನೆ ಕೆಲಸಕ್ಕೆ ನಿಂತವಳು ಆ ತಾಯಿಯ ಮೊಮ್ಮಗಳು. ಒಂಬತ್ತನೆಯ ತರಗತಿಯ ಬಾಲಕಿ. “ಹೆಣ್ಣುಹುಡಿಗಿ ಕೈಯಾಗ ಕರಗಸ ಯಾಕ್ರೀ?” ಎಂದು ಮನೆಯವರೊಬ್ಬರು ಕೇಳಿದರು. ಹನ್ನೆರಡನೆಯ ಶತಮಾನದ ಶರಣ ಗಣದಲ್ಲಿ ಬಾಚಿ ಕಾಯಕದ ಬಸವಯ್ಯಗಳೆಂಬ ಬಡಗಿಯಿದ್ದರು. ಅವರ ಪುಣ್ಯಸ್ತ್ರೀ ಕಾಳವ್ವೆಯೂ ವಚನ ರಚಿಸಿದವರು. ಬಾಚಿ ಹಿಡಿದ ಮನೆಯಲ್ಲಿ ಗಂಡಹೆಂಡಿರಿಬ್ಬರೂ ಅನುಭಾವಿಗಳಾಗಿದ್ದ ಪರಂಪರೆ ನಮ್ಮದು. ಕೈಕೆಲಸ ಕೀಳೆಂಬ ಭಾವನೆಯೂ, ಅದು ಗಂಡಸರದಷ್ಟೇ ಎಂಬ ಭಾವನೆಯೂ ನಮ್ಮ ಮನೆಗಳಲ್ಲಿ ಇರತಕ್ಕದ್ದಲ್ಲ ಎಂದು ನಾವು ಹೇಳಿದೆವು. ಕೇಳಿದವರು ಮತ್ತೆ ಮಾತಾಡಲಿಲ್ಲ. ಸಂಜೆ ಅವರೇ ಹಲಗೆಯ ಇನ್ನೊಂದು ತುದಿ ಹಿಡಿದರು.

ಬೇಕಾದ ಸಲಕರಣೆಗಳು ಕೆಲವೇ: ಕೈಗರಗಸ, ಹತ್ತರಿ, ಮೂಲೆಮಟ್ಟ, ಅಳತೆ ಟೇಪು, ಪೆನ್ಸಿಲ್, ತೂತು ಕೊರೆಯಲು ಬೈರಿಗೆ ಅಥವಾ ವಿದ್ಯುತ್ ಡ್ರಿಲ್, ಸ್ಕ್ರೂಗಳು, ಸ್ಕ್ರೂ ತಿರುವುವ ಸಾಧನ, ಮರಳು ಕಾಗದ. ಹತ್ತರಿ ಹಿಡಿಯಲು ಧೈರ್ಯ ಸಾಲದವರು ಆ ಒಂದು ಕೆಲಸವನ್ನು ಊರಿನ ಬಡಿಗೇರರಿಂದ ಮಾಡಿಸಿಕೊಳ್ಳಬಹುದು.

ಮೊದಲು ಮಣೆಯೊಂದನ್ನು ಮಾಡಲು ಕಲಿಯಬೇಕು. ಮೂರು ಹಲಗೆಗಳನ್ನು ಒತ್ತಟ್ಟಿಗೆ ಮಲಗಿಸಿ, ನಡುನಡುವೆ ಒಂದೊಂದು ಸೂತ, ಅಂದರೆ ಅಂಗುಲದ ಎಂಟನೆಯ ಒಂದು ಪಾಲು, ಸಂದು ಬಿಡಬೇಕು. ಅವುಗಳಿಗೆ ಅಡ್ಡಲಾಗಿ ಎರಡು ಪಟ್ಟಿಗಳನ್ನಿಟ್ಟು, ಸ್ಕ್ರೂವಿಗಿಂತ ಸಣ್ಣ ತೂತನ್ನು ಮುಂಚೆ ಕೊರೆದು, ಪ್ರತಿ ಹಲಗೆಗೂ ಸ್ಕ್ರೂ ಹಾಕಬೇಕು. ಸರೇಸು ಬೇಡ. ಆ ಸಂದೇ ಹಲಗೆಗಳ ಉಸಿರಾಟದ ಜಾಗ. ಮಳೆಗಾಲದಲ್ಲಿ ಅದು ಕಿರಿದಾಗುತ್ತದೆ, ಬೇಸಿಗೆಯಲ್ಲಿ ಅಗಲವಾಗುತ್ತದೆ, ಹಲಗೆ ಸೀಳದು. ನಾವು ಬಾಲ್ಯದಲ್ಲಿ ತಪ್ಪಿದ್ದು ಇಲ್ಲಿಯೇ.

ಇನ್ನು ಪೀಠ. ಅದರ ಎರಡು ಪಕ್ಕೆಗಳೆಂದರೆ ನಿಲ್ಲಿಸಿದ ಎರಡು ಮಣೆಗಳು; ಮೇಲ್ಭಾಗವೆಂದರೆ ಅವುಗಳ ಮೇಲೆ ಮಲಗಿಸಿದ ಮೂರನೆಯದು. ಎರಡು ಏಳಡಿ ಹಲಗೆಗಳಿಂದ 25 ಅಂಗುಲದ ಆರು ತುಂಡುಗಳು ಪಕ್ಕೆಗಳಿಗೆ, ಮೂರನೆಯದರಿಂದ 20 ಅಂಗುಲದ ಮೂರು ತುಂಡುಗಳು ಮೇಲ್ಭಾಗಕ್ಕೆ, ಉಳಿದುದರಲ್ಲಿ 18 ಅಂಗುಲದ ಒಂದು ತುಂಡು ಹಿಂಬದಿಯ ಅಡ್ಡಹಲಗೆಗೆ. ಪಕ್ಕೆಗಳ ಒಳಮೈಯಲ್ಲಿ ಮೇಲೊಂದು, ಕೆಳಗೊಂದು ಪಟ್ಟಿ. ಮೇಲಿನ ಪಟ್ಟಿಗಳ ಮೇಲೆ ಮೇಲ್ಹಲಗೆಗಳು ಕೂರುವುದರಿಂದ ಅವಕ್ಕೆ ಬೇರೆ ಪಟ್ಟಿ ಬೇಕಿಲ್ಲ. ಹಿಂಬದಿಯ ಅಡ್ಡಹಲಗೆಯನ್ನು ಬಿಟ್ಟರೆ ಪೀಠ ಪಕ್ಕಕ್ಕೆ ವಾಲಾಡುತ್ತದೆ. ಅದನ್ನು ಎಂದೂ ಬಿಡಕೂಡದು. ಪೀಠದ ಎತ್ತರ 26 ಅಂಗುಲ. ಕುರ್ಚಿಯ ಮೇಲೆ ಕುಳಿತವರ ಕೈಗೆ ಹದವಾದ ಎತ್ತರ. ಆದರೂ ಕುಳಿತುಕೊಳ್ಳುವವರನ್ನು ಕೂರಿಸಿ ಅಳೆದೇ ಕೊಯ್ಯುವುದು ಲೇಸು.

ಮೂರು ಕಾಲಿನ ಅಡ್ಡಣಿಗೆ ಎಂತಹ ಸಾರಣೆಯ ನೆಲದ ಮೇಲೂ ಅಲುಗದು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ನಿಲ್ಲುತ್ತವೆ. ನಾಲ್ಕನೆಯದು ಬಂದಾಗಲೇ ತೊಡಕು. ಹಿರಿಯರು ಅದಕ್ಕೆ ಮೂರು ಕಾಲು ಕೊಟ್ಟದ್ದರಲ್ಲಿ ಈ ವಿವೇಕವಿದೆ. ನಮ್ಮ ಪೀಠದಲ್ಲಿ ಪಕ್ಕೆಯ ನಡುಹಲಗೆಯನ್ನು ಕೆಳಗೆ ಒಂದು ಅಂಗುಲ ಮೊಟಕು ಮಾಡಿದೆವು. ನಾಲ್ಕು ಮೂಲೆಗಳಷ್ಟೇ ನೆಲ ಮುಟ್ಟಿದವು. ಆದರೂ ಅದು ಕೊಂಚ ಅಲುಗಿತು. ಗಿಡ್ಡಾದ ಮೂಲೆಯ ಕೆಳಗೆ ತೆಳು ಚಕ್ಕೆ ತೂರಿ, ಆ ಚಕ್ಕೆಯಷ್ಟೇ ದಪ್ಪದ ಗೆರೆಯನ್ನು ಉಳಿದ ಮೂರು ಮೂಲೆಗಳಿಗೆ ಎಳೆದು, ಅಷ್ಟನ್ನು ಕೊಯ್ದೆವು. ಕಣ್ಣಳತೆಯಿಂದ ಕೊಯ್ಯುತ್ತ ಹೋದರೆ ಪೀಠ ಮಣೆಯಾಗುವವರೆಗೂ ಕೊಯ್ಯಬೇಕಾದೀತು!

ಕೊನೆಯಲ್ಲಿ ಅಗಸಿ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಹೆಚ್ಚಿನದನ್ನು ಒರೆಸಿ, ಗಾಳಿಯಲ್ಲಿ ಕೆಲವು ದಿನ ಬಿಟ್ಟು ಮತ್ತೆ ಹಚ್ಚಬೇಕು. ಒಂದು ಎಚ್ಚರಿಕೆಯನ್ನು ಓದುಗರು ಮನಸ್ಸಿನಲ್ಲಿಡಬೇಕು. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಯಲಲ್ಲಿ ಬಿಡಿಸಿ ಹರವಿ, ಪೂರ್ಣ ಒಣಗಿಸಿಯೇ ಬಿಸಾಡಬೇಕು.

ಕೈಗೆ ತಿಳಿದದ್ದು

1974ರಲ್ಲಿ ಇಟಲಿಯ ವಿನ್ಯಾಸಕಾರ ಎಂಜೊ ಮಾರಿ ಎಂಬುವರು, ಸಾದಾ ಹಲಗೆ ಮತ್ತು ಮೊಳೆಗಳಿಂದ ಯಾರೂ ಮಾಡಿಕೊಳ್ಳಬಹುದಾದ ಮೇಜು, ಕುರ್ಚಿ, ಮಂಚಗಳ ನಕ್ಷೆಗಳನ್ನು ಪ್ರಕಟಿಸಿದರು. ತನ್ನ ಕೈಯಿಂದ ಒಂದು ಕುರ್ಚಿಯನ್ನು ಮಾಡಿದವನು ಅಂಗಡಿಯ ಕುರ್ಚಿಯ ಗುಣದೋಷಗಳನ್ನು ತಾನೇ ಅರಿಯಬಲ್ಲನೆಂಬುದು ಅವರ ಆಶಯ. ನಮ್ಮ ದೇಶದಲ್ಲಿ 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ಶಿಕ್ಷಣ ಯೋಜನೆಯೂ ಕೈಕಸುಬನ್ನು ವಿದ್ಯೆಯ ನಡುವೆ ಇರಿಸಿತ್ತು. ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ನಮಗೆ ಈ ವಿಚಾರ ಹೊಸದಲ್ಲ. ಆಚರಣೆಯಲ್ಲಿ ಮಾತ್ರ ಮರೆತಿದ್ದೇವೆ.

ಇದರಿಂದ ಬಡಿಗೇರರ ಅನ್ನಕ್ಕೆ ಕುತ್ತು ಬರುವುದಿಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ ಅನುಭವ ಬೇರೆ. ಒಂದು ಹಲಗೆಯನ್ನು ನೇರವಾಗಿ ಕೊಯ್ಯಲು ಅರ್ಧ ದಿನ ಬೆವರಿದ ಯಜಮಾನರು, ಹೊಸ ಕದ ಮಾಡಿಸುವಾಗ ಬಡಿಗೇರರ ಕೂಲಿಯಲ್ಲಿ ಚೌಕಾಶಿ ಮಾಡಲಿಲ್ಲ. ಪುಡಿಕಟ್ಟಿಗೆಯನ್ನು ಒತ್ತಿ ಮಾಡಿದ ಹಲಗೆಯ ಕಪಾಟು ನೀರು ತಾಗಿದರೆ ಉಬ್ಬಿ ಕಳಚುತ್ತದೆ. ಹೊಳೆ ಹೊಕ್ಕ ಊರಿನವರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಮನೆಯ ಜಂತಿಯೋ ಪ್ರವಾಹದಲ್ಲಿ ನೆನೆದು, ಒಣಗಿ, ಮತ್ತೆ ಗಟ್ಟಿಯಾಗಿಯೇ ನಿಂತಿತ್ತು.

ಪೀಠವನ್ನು ಆ ತಾಯಿಯ ಮುಂದೆ ಇಟ್ಟ ದಿನ ಅವರು ಬಹಳ ಹೊತ್ತು ಅದರ ಮೇಲೆ ಕೈಯಾಡಿಸಿದರು. ಮೇಲ್ಹಲಗೆಯೊಂದರ ನಡುವೆ ಬೆರಳು ಹಿಡಿಸುವಷ್ಟು ತೂತೊಂದಿತ್ತು; ತುಕ್ಕಿನ ಕಪ್ಪು ಅದರ ಸುತ್ತ ಇಳಿದಿತ್ತು. ಅದನ್ನು ತುಂಬಿಬಿಡೋಣವೆಂದು ಮೊಮ್ಮಗಳು ಹೇಳಿದ್ದಳು; ನಾವೂ ಹಾಗೆಯೇ ಎಣಿಸಿದ್ದೆವು. ತಾಯಿ ಅದರಲ್ಲಿ ಬೆರಳಿಟ್ಟು, “ತೊಟ್ಟಲದ ಕೊಂಡಿ ಇದು. ನಿಮ್ಮಪ್ಪನ್ನ ಇದಕ್ಕ ತೂಗೀನಿ” ಎಂದರು. ಮೊಮ್ಮಗಳು ತನ್ನ ತಂದೆಯ ಮುಖ ನೋಡಿದಳು. ಯಜಮಾನರು ಏನೂ ಹೇಳದೆ ಹಿತ್ತಲಿಗೆ ಹೋದರು.

ಅಡ್ಡೆಯವರು ಮತ್ತೆ ಬಂದಾಗ ಆ ಮನೆಯವರು ಹುಳು ಹಿಡಿದ ಕಟ್ಟಿಗೆಯನ್ನಷ್ಟೇ ಕೊಟ್ಟರಂತೆ. ಉಳಿದ ಜಂತಿಗಳನ್ನು ಗಾಳಿಯಾಡುವಂತೆ ನಡುವೆ ಚಕ್ಕೆಗಳನ್ನಿಟ್ಟು ಒಟ್ಟಿದ್ದಾರೆ. ಮುಂದಿನ ಬೇಸಿಗೆ ರಜೆಯಲ್ಲಿ ಪುಸ್ತಕದ ಕಪಾಟು ಮಾಡುವುದೆಂದು ಆ ಬಾಲಕಿ ನಮಗೆ ಹೇಳಿಕಳಿಸಿದ್ದಾಳೆ. ನಮ್ಮ ಓದುಗ ಬಾಂಧವರ ಹಿತ್ತಲಲ್ಲಿಯೂ ಅಂತಹ ರಾಶಿಯಿದ್ದರೆ, ಕ್ವಿಂಟಲ್ ಲೆಕ್ಕಕ್ಕೆ ಹಾಕುವ ಮೊದಲು ಒಮ್ಮೆ ಮನೆಯ ಹಿರಿಯರನ್ನು ಕರೆದು ತೋರಿಸಿರಿ. ಬಳಿಕ ಮಕ್ಕಳ ಕೈಗೆ ಅಳತೆ ಟೇಪು ಕೊಡಿರಿ.